ಗೆಣ್ಣಿನ ಗುರುತು

ಸಿಂದಗಿ
೨೦ ನವೆಂಬರ್ ೧೯೭೭

ಅಕ್ಕಾ,

ರಾತ್ರಿ ಎರಡು ಗಂಟೆ. ಎಲೆಯ ಚೀಲ ಸದ್ದು ಮಾಡಿದ್ದಕ್ಕೆ ಎಚ್ಚರವಾಯಿತು. ಇಲಿ ಇರಬೇಕೆಂದು ಕಂದೀಲು ಹಿಡಿದು ಹೋದೆ. ಇಲಿಯೂ ಇಲ್ಲ, ಬೆಕ್ಕೂ ಇಲ್ಲ. ಒಣಗಿದ ಬೀಡಿ ಎಲೆ ಚಳಿಗೆ ತಾನೇ ಮೈಮುರಿಯುತ್ತದಲ್ಲ, ಆ ಚರಚರ. ನಿನ್ನ ಕೋಣೆಯಲ್ಲಿ ಬೆಳೆದವಳಿಗೆ ಅದು ಹೊಸ ಸದ್ದೇ? ಆದರೂ ತೊಟ್ಟಿಲ ಹತ್ತಿರ ಹೋಗಿ ಸಿದ್ದಿಯ ಮೂಗಿನ ಕೆಳಗೆ ಬೆರಳಿಟ್ಟು ನೋಡಿದೆ. ಉಸಿರಾಡುತ್ತಿದ್ದಾಳೆ. ಈಚೆಗೆ ದಿನಾ ಹೀಗೇ ನೋಡುತ್ತೇನೆ. ತೀರಿಹೋದ ಅವ್ವನ ಹೆಸರು ಇಟ್ಟಿದ್ದಕ್ಕೋ ಏನೋ, ಈ ಕೂಸಿಗೂ ಏನಾದರೂ ಆದೀತೆಂಬ ಹೆದರಿಕೆ ಬಿಡುವುದಿಲ್ಲ.

ಎಲೆಯ ಚೀಲ ನಮ್ಮ ಮನೆಗೆ ಯಾಕೆ ಬಂತು ಎಂದು ಕೇಳುತ್ತೀ. ಅದನ್ನು ಹೇಳಲಿಕ್ಕೇ ಕೂತಿದ್ದೇನೆ, ಆದರೆ ಬೇರೆ ಏನೇನೋ ಬರೆಯುತ್ತಿದ್ದೇನೆ.

ಇವರು ಶಂಕರೆಪ್ಪನವರ ಅಡತಿ ಅಂಗಡಿಯ ಗುಮಾಸ್ತಿಕೆ ಬಿಟ್ಟರು. ಬೀಡಿಯ ಗುತ್ತಿಗೆ ಸಿಕ್ಕಿದೆ. ಅದೂ ಇಂಡಿಯ ಬಸಂತರಾಯರ ಕಾರಖಾನೆಯದೇ, ನೀನು ಇಷ್ಟು ವರ್ಷ ಕೂತು ಬೀಡಿ ಕಟ್ಟಿದ ಶೆಡ್ಡಿನದೇ. ಎಲೆ, ತಂಬಾಕು, ಹಸಿರು ದಾರ ಲಾರಿಯಲ್ಲಿ ಇಲ್ಲಿಗೆ ಬರುತ್ತವೆ. ಇವರು ಸಿಂದಗಿಯ ಮನೆಮನೆಗೆ ಹಂಚಬೇಕು, ಕಟ್ಟಿದ ಬೀಡಿ ಕೂಡಿಸಿ ಇಂಡಿಗೆ ಕಳಿಸಬೇಕು. ಹುರಿಯುವುದು, ಚೀಟಿ ಅಂಟಿಸುವುದು ಅಲ್ಲೇ. "ಇಂಡಿಯ ಹೆಣ್ಮಕ್ಕಳ ಕೈಗೆ ಆಗಲಾರದಷ್ಟು ಬೇಡಿಕಿ ಬಂದೈತಿ, ಹೆಚ್ಚಿಂದು ನಿಮಗ ಕೊಡತೇನಿ" ಎಂದರಂತೆ ರಾಯರು. ಇವರು ಎಷ್ಟು ಖುಷಿಯಾಗಿದ್ದಾರೆಂದರೆ ಊಟ ಮಾಡುತ್ತ ಹಾಡು ಗುನುಗುತ್ತಾರೆ. ಕೆಳಗೆ ಶಂಕರೆಪ್ಪನವರ ಅಂಗಡಿ, ಮೇಲೆ ನಮ್ಮ ಎರಡು ಕೋಣೆ. ಒಂದು ಕೋಣೆ ಎಲೆಗೆ ಹೋಯಿತು.

ಹೆಚ್ಚಿನ ಕೆಲಸ ಅನ್ನುವುದು ಖರೆಯೇ ಅಕ್ಕ? ನಿಮ್ಮ ಕೆಲಸಕ್ಕೆ ಏನೂ ಧಕ್ಕೆ ಇಲ್ಲವಲ್ಲ? ಇವರನ್ನು ಕೇಳಿದರೆ "ನಿನಗ ಎಲ್ಲಾದರಾಗೂ ಚಿಂತಿ" ಎನ್ನುತ್ತಾರೆ. ನೀನು ಒಂದು ಸಾಲು ಬರೆದರೆ ನಿದ್ದೆ ಬಂದೀತು.

ನಿನ್ನ ತಂಗಿ
ಇಂದ್ರಾ


ಇಂಡಿ
೪ ಡಿಸೆಂಬರ್ ೧೯೭೭

ಇಂದ್ರಾಗ ಶೇವಂತಕ್ಕನ ಆಶೀರ್ವಾದ.

ಕಾಗದ ಮುಟ್ಟಿತು. ನಾ ಏಳನೆತ್ತಾ ಕಲತಾಕಿ, ಮಾತಾಡಿದಂಗ ಬರಿತೇನಿ, ನಗಬ್ಯಾಡ.

ಮೊದಲ ಆ ಚೀಲ ಹೊರಗ ಹಾಕು. ತಂಬಾಕಿನ ಧೂಳು ಕೂಸಿಗೆ ಆಗಂಗಿಲ್ಲ. ನನ್ನ ಕೆಮ್ಮು ನೀ ಕೇಳೀದಿ. ಅದು ನನಗ ಇರ್ಲಿ, ಸಿದ್ದಿಗೆ ಬ್ಯಾಡ.

ಹೆಚ್ಚಿನ ಕೆಲಸ ಅಂದ್ಯಲ್ಲ. ನಮಗ ಈಗ ಮಧ್ಯಾಹ್ನಕ್ಕ ಎಲಿ ತೀರತೈತಿ. ಆಮ್ಯಾಲ ಖಾಲಿ ಮೊರ ತೊಡಿಮ್ಯಾಲ ಇಟ್ಕೊಂಡು ಕುಂದ್ರತೇವಿ. ಬಸಂತರಾಯ ಸಾಹುಕಾರ ಬಂದು "ಆರಾಮ ಅದೀರಲ್ರವಾ" ಅಂದ. ನಮ್ಮ ಅಮೀನಾಬಿ ಬಿಡತಾಳೇನು? "ಆರಾಮ ನೀವ ಇಟ್ಕೋರಿ, ನಮಗ ಎಲಿ ಕೊಡ್ರಿ" ಅಂದ್ಲು. ಎಲ್ಲಾರೂ ನಕ್ಕರು. ನಕ್ಕು ಮನಿಗೆ ಹೋಗಿ ಅರ್ಧ ರೊಟ್ಟಿ ತಿಂದರು.

ಇಲ್ಲಿ ತೊಟ್ಟಿಲ ಕ್ವಾಣಿ ಐತಿ, ನಿನಗ ಗೊತ್ತೈತಿ. ಸರಕಾರದ ಸಾಹೇಬ ಬೈದ ಮ್ಯಾಲ ಕಟ್ಟಿಸಿದ್ದು. ಶೆಡ್ಡಿನ್ಯಾಗ ಬೀಡಿ ಕಟ್ಟಿಸಿದ್ರ ತೊಟ್ಟಿಲ ಇಡಬೇಕು, ರಜಾ ಕೊಡಬೇಕು, ಈಗ ನಮ್ಮ ಮುಪ್ಪಿನ ಫಂಡಿಗೂ ರೊಕ್ಕ ತುಂಬಬೇಕಂತ. ಮನಿಯಾಗ ಕಟ್ಟಿದ್ರ ಯಾರು ಯಾರ ಕೆಲಸದಾಕಿ ಅಂತ ಕೇಳೋರ ಇಲ್ಲ. ಅದಕ್ಕ ಕೆಲಸ ಲಾರಿ ಹತ್ತೈತಿ.

ನಿನ್ನ ಗಂಡ ಗುರಣ್ಣ ಒಳ್ಳೆ ಮನಿಷಾ. ಸಾಹುಕಾರ ಒಳ್ಳೇವ್ರನ್ನ ಹುಡುಕೇ ಗುತ್ತಿಗಿ ಕೊಡತಾನ, ಮಂದಿ ನಂಬಲಿ ಅಂತ. ಸಿಟ್ಟಿಲ್ಲ ನನಗ. ನೀ ನಿದ್ದಿ ಮಾಡು. ಇಲ್ಲಂದ್ರ ಹಾಲು ಬತ್ತತಾವು.

ಅಕ್ಕ


ಸಿಂದಗಿ
೧೨ ಜನವರಿ ೧೯೭೮

ಅಕ್ಕಾ,

ಎಳ್ಳಮಾಸಿಗೆ ನೀನು ಬರುತ್ತೀ ಎಂದು ಬಸ್‌ಸ್ಟ್ಯಾಂಡಿನ ಕಡೆ ಎರಡು ಸಲ ನೋಡಿದೆ. ಶಂಕರೆಪ್ಪನವರ ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಬಂದೆವು. ಎಳೆ ಜೋಳದ ಸೀತನಿ ನಿನಗೆಂದು ಕಟ್ಟಿಟ್ಟಿದ್ದೆ, ಒಣಗಿತು.

ಚೀಲ ಹೊರಗೆ ಹಾಕಿಸಿದೆ. ಅಂಗಳದಲ್ಲಿ ಮಂಜು ಬಿದ್ದು ಎಲೆ ಕಪ್ಪಾಯಿತೆಂದು ಇವರು ಮತ್ತೆ ಒಳಗೆ ತಂದರು. ಸಿದ್ದಿಗೆ ಕೆಮ್ಮು ಶುರುವಾಗಿದೆ. ಡಾಕ್ಟರು ಚಳಿಗೆ ಅನ್ನುತ್ತಾರೆ. ಚಳಿಗೇ ಇರಬಹುದು.

ನಮ್ಮ ಓಣಿಯ ಹೆಂಗಸರು ಕಟ್ಟಲು ಕೂತಿದ್ದಾರೆ. ಮೊದಮೊದಲು ಅರ್ಧಕ್ಕರ್ಧ ಬೀಡಿ ಇಂಡಿಯಲ್ಲಿ ಬೇಡವಾಗಿ ವಾಪಸು ಬಂದವು. ಉಗುರಿನಿಂದ ಒತ್ತಿ ಬಾಯಿ ಮುಚ್ಚುವಾಗ ಎಲೆ ಸೀಳುತ್ತಿತ್ತು. ಸೀಳಿದ್ದಕ್ಕೆ ಕೂಲಿ ಇಲ್ಲ. ರೇವವ್ವ ಅಂತ ಒಬ್ಬಳಿದ್ದಾಳೆ, ನಾಲ್ಕು ಮಕ್ಕಳ ತಾಯಿ, ಬಾಯಿ ಬಲು ಜೋರು. ಆಕೆ ನಮ್ಮ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟಳು. ನನಗೆ ತಡೆಯಲಾಗಲಿಲ್ಲ ಅಕ್ಕ. ಕೂಸನ್ನು ಆಕೆಯ ಕೈಗೆ ಕೊಟ್ಟು ಮೊರ ತೊಡೆಯ ಮೇಲೆ ಎಳೆದುಕೊಂಡೆ. ಅವ್ವನ ರೀತಿ ಕಲಿಸಿದೆ.

ಒರಳಿನಲ್ಲಿ ಹೆಬ್ಬೆರಳು ಜಜ್ಜಿ ಉಗುರು ಹೋದ ಮೇಲೆ ಅವ್ವ ತೋರುಬೆರಳಿನ ಗೆಣ್ಣಿನಿಂದ ಒತ್ತುತ್ತಿದ್ದಳಲ್ಲ, ನೀನೂ ಒತ್ತುತ್ತೀಯಲ್ಲ, ಹಾಗೆ. ಎಲೆ ಸೀಳುವುದಿಲ್ಲ, ತುದಿಯಲ್ಲಿ ಒಂದು ಸಣ್ಣ ಗುಳಿ ಉಳಿಯುತ್ತದೆ, ಅಷ್ಟೆ. ಕಾಲೇಜಿಗೆ ಹೋದ ಮೇಲೆ ನಾನು ಬೀಡಿ ಮುಟ್ಟಿರಲಿಲ್ಲ. ಬೆರಳು ಮರೆತಿರಲಿಲ್ಲ. ಈಗ ಓಣಿಯೆಲ್ಲ ಗೆಣ್ಣಿನಿಂದಲೇ ಒತ್ತುತ್ತದೆ. ವಾಪಸು ಬರುವುದು ನಿಂತಿದೆ. ನಿನ್ನ ಕೈ ಸಿಂದಗಿಗೆ ಬಂತು ಅನ್ನಿಸಿ ಆವತ್ತು ಸಮಾಧಾನದಿಂದ ಮಲಗಿದೆ.

ಮರುದಿನ ಮತ್ತೆ ಅದೇ ಯೋಚನೆ. ನಿಮಗೆ ಎಲೆ ಕಡಿಮೆಯಾದದ್ದನ್ನು ರೇವವ್ವನಿಗೆ ಹೇಳಿದೆ. ಆಕೆ ಕತ್ತರಿ ನಿಲ್ಲಿಸಲಿಲ್ಲ.

"ಬಾಯಾರ, ಇಂಡ್ಯಾಗಿನವ್ರಿಗೆ ತೊಟ್ಟಿಲ ಇತ್ತು, ರಜಾ ಇತ್ತು. ನಮಗ ಏನಿತ್ರಿ? ಮಂದಿ ಹೊಲದಾಗ ಬೆನ್ನ ಬಗ್ಗಿಸಿ ಜ್ವಾಳ ಕೊಯ್ಯೂದು, ಅದೂ ಸುಗ್ಗಿ ಇದ್ರ. ಈಗ ಮನಿ ನೆಳ್ಳಾಗ ಕುಂತು ದುಡೀತೇವಿ. ನಾವೇನು ಅವ್ರ ಗಂಗಾಳಕ್ಕ ಕೈ ಹಾಕೇವೇನ್ರಿ?"

ಇವರಂತೂ ಪೇಪರು ತಂದು ಓದಿ ತೋರಿಸುತ್ತಾರೆ. "ದಿಲ್ಲಿ ಸರಕಾರನ ಹೇಳೈತಿ, ಕೆಲಸ ಹಳ್ಳಿಗೆ ಹೋಗಬೇಕು, ಮನಿಮನಿಗೆ ಹೋಗಬೇಕು ಅಂತ. ನಾ ಮಾಡೂದು ದೇಶದ ಕೆಲಸ ನೋಡು." ಬಿ.ಎ.ದಲ್ಲಿ ಅರ್ಥಶಾಸ್ತ್ರ ಓದಿದವಳು ನಾನು. ಕೂಲಿ ಅಗ್ಗವಿದ್ದ ಕಡೆಗೆ ಕೆಲಸ ಹರಿಯುತ್ತದೆ ಎಂದು ಬರೆದೇ ಪಾಸಾದೆ. ಹರಿದು ಹೋದ ಮೇಲೆ ಮೊದಲಿನ ಜಾಗದಲ್ಲಿ ಕೂತವರು ಏನಾಗುತ್ತಾರೆ ಎಂದು ಆ ಪರೀಕ್ಷೆಯಲ್ಲಿ ಕೇಳಿರಲಿಲ್ಲ. ಇವರದೂ ಖರೆ, ರೇವವ್ವನದೂ ಖರೆ, ನಿನ್ನದೂ ಖರೆ. ಎಲ್ಲ ಖರೆಗಳೂ ಸೇರಿ ನನ್ನ ಎದೆಯ ಮೇಲೆ ಕೂತಿವೆ.

ಸಂಕ್ರಾಂತಿಗಾದರೂ ಬಾ.

ಇಂದ್ರಾ


ಇಂಡಿ
೧೯ ಫೆಬ್ರುವರಿ ೧೯೭೮

ಇಂದ್ರಾ,

ಸಂಕ್ರಾಂತಿಗೆ ಯಾಕ ಬರಲಿಲ್ಲ ಅಂತ ಕೇಳಿ ಎರಡು ಕಾರ್ಡು ಹಾಕೀದಿ. ಹೇಳಬಾರದು ಅಂತಿದ್ದೆ. ನೀ ಸುಮ್ಮ ಇರಾಕಿ ಅಲ್ಲ.

ಸಂಕ್ರಾಂತಿ ಹಿಂದಿನ ದಿನ ಹುರಿಯೋ ಮನಿಯಾಗ ಸಿಂದಗಿ ಬುಟ್ಟಿ ಬಿಚ್ಚಿದ್ರು. ನಮ್ಮ ಶೆಡ್ಡಿನ ಚನ್ನವ್ವ ಒಂದ ಬೀಡಿ ತಗೊಂಡು ಬೆಳಕಿಗೆ ಹಿಡದ್ಲು. ಇನ್ನೊಂದ ತಗೊಂಡ್ಲು. ಆಮ್ಯಾಲ ನನ್ನ ಮೊರದಾಗಿಂದು ಒಂದ ತಗೊಂಡು ಬಾಜೂಕ ಇಟ್ಲು. ಎಲ್ಲಾದರಾಗೂ ಅದ ಗುಳಿ. ಶೆಡ್ಡಿನ್ಯಾಗ ಆ ಗುಳಿ ನನ್ನದೊಂದ ಅಂತ ಎಲ್ಲಾರಿಗೂ ಗೊತ್ತೈತಿ, ಉಳದಾವ್ರೆಲ್ಲಾ ಉಗುರಿಲೆ ಒತ್ತಾವ್ರು.

"ತಂಗಿ ಗಂಡನ ಗುತ್ತಿಗಿ, ಅಕ್ಕನ ಕೈ. ಹಗಲೆಲ್ಲಾ ನಮ್ಮ ಸಂಗಾಟ ಎಲಿ ಇಲ್ಲ ಅಂತ ಅಳತಿ, ರಾತ್ರಿ ಮನಿಯಾಗ ಅವಂದ ಕಟ್ಟತಿ, ಹೌದಲ್ಲ?" ಅಂದ್ಲು.

ನಾ ಏನೂ ಅನಲಿಲ್ಲ. ನನ್ನ ತಂಗಿ ಕಲಿಸ್ಯಾಳ ಅಂದ್ರ ನಿನ್ನ ಹೆಸರು ಓಣಿ ತುಂಬ ಆಗತೈತಿ. ಅವ್ರ ಬಾಯಾಗ ನೀ ಬರೂದು ಬ್ಯಾಡ. ಸುಮ್ನ ಇದ್ದದ್ದಕ್ಕ ಒಪ್ಪಿಕೊಂಡಾಳ ಅಂತ ತಿಳಕೊಂಡ್ರು.

ಈಗ ನನ್ನ ಬಾಜೂಕ ಯಾರೂ ಕುಂದ್ರಂಗಿಲ್ಲ. ಅಮೀನಾಬಿ ಒಬ್ಬಾಕಿ ನೀರು ಕೊಡತಾಳ, ಮಾತಾಡಂಗಿಲ್ಲ. ಉಗಾದಿ ಆದ ಮ್ಯಾಲ ಶೆಡ್ಡು ಮುಚ್ಚತಾರ ಅಂತ ಸುದ್ದಿ. ಸಾಮಾನು ಹೊರಗ ಬಿಡಬಾರದಂತ ಅವ್ರು ಗೇಟಿನ ಮುಂದ ಕುಂದ್ರಾವ್ರು ಅದಾರ. ನನ್ನ ಕರದಿಲ್ಲ. ಕರೀಲಿಲ್ಲಂದ್ರ ನಾ ಹೋಗಂಗಿಲ್ಲ.

ಕೂಸಿನ ಕೆಮ್ಮು ಕಡಿಮಿ ಆತೇನು? ಅದನ್ನ ಬರಿ. ಉಳದದ್ದು ಬ್ಯಾಡ.

ಅಕ್ಕ


ಸಿಂದಗಿ
೧೪ ಮಾರ್ಚ್ ೧೯೭೮

ಅಕ್ಕಾ,

ನಿನ್ನ ಕಾಗದ ಬಂದಾಗಿನಿಂದ ನಾಲ್ಕು ಸಲ ಬರೆದು ಹರಿದೆ. ಕೊನೆಗೆ ಇವರಿಗೆ ಓದಿ ಹೇಳಿದೆ. ಇವರು "ಅಕ್ಕಾರು ನಮ್ಮ ಕಡೆ ಬಂದು ಇರಲಿ" ಎಂದರು.

ಅದಕ್ಕೊಂದು ಕಾರಣವೂ ಇದೆ. ಇಲ್ಲಿಯ ಹೆಂಗಸರು ಬರುವ ಹೋಳಿಯ ಹೊತ್ತಿಗಾದರೂ ಕೂಲಿ ಹೆಚ್ಚು ಮಾಡಿ ಎಂದು ಕೇಳಿದರು. ರೇವವ್ವನೇ ಮುಂದೆ. "ನಿಮ್ಮ ಕೂಸು ಕೆಮ್ಮತೈತಿ ಅಂತ ನಿಮಗ ತಿಳೀತೈತಲ್ರಿ ಬಾಯಾರ, ನಮ್ಮವೂ ಕೆಮ್ಮತಾವು" ಎಂದಳು. ಇವರು ಇಂಡಿಗೆ ಹೋಗಿ ಹೇಳಿದರೆ ರಾಯರು ನಕ್ಕರಂತೆ. "ಸಿಂದಗ್ಯಾಗ ಆಗಲಿಲ್ಲಂದ್ರ ಮುದ್ದೇಬಿಹಾಳ ತಾಲೂಕ ಐತಿ. ನಾಲತವಾಡದಾಗ ಇನ್ನಾ ಕಡಿಮಿಗೆ ಕಟ್ಟತಾರ. ಕಲಿಸಾವ್ರು ಒಬ್ಬರು ಬೇಕು, ಅಷ್ಟ. ನಿಮ್ಮ ಅಕ್ಕಾರು ಹೋಗತಾರೇನು ಕೇಳ್ರಿ, ಸಂಬಳ ಕೊಡತೇನಿ."

ಇವರು ಅದನ್ನು ಒಳ್ಳೆಯದೆಂದು ತಿಳಿದೇ ನನಗೆ ಹೇಳಿದರು. ನಾನೂ ಒಂದು ಕ್ಷಣ ಹಾಗೇ ತಿಳಿದೆ. ಶೆಡ್ಡು ಮುಚ್ಚಿದರೆ ನಿನಗೇನು ದಾರಿ? ಯಾರೂ ಮಾತಾಡದ ಊರಲ್ಲಿ ಒಬ್ಬಳೇ ಇರುವುದಕ್ಕಿಂತ ನಾಲತವಾಡ ಒಳ್ಳೆಯದಲ್ಲವೇ ಎಂದುಕೊಂಡೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆದ ಮೇಲೆ ಓದಿದರೆ ಬೇರೆಯೇ ಕಾಣುತ್ತದೆ. ಇಂಡಿಯಿಂದ ಸಿಂದಗಿ, ಸಿಂದಗಿಯಿಂದ ನಾಲತವಾಡ. ಅಲ್ಲಿಯವರೂ ಒಂದು ದಿನ ಕೂಸಿನ ಕೆಮ್ಮಿನ ಮಾತು ತೆಗೆಯುತ್ತಾರೆ. ಆಮೇಲೆ ಎಲ್ಲಿಗೆ ಒಯ್ಯುತ್ತಾರೆ ಈ ಕೆಲಸವನ್ನು?

ಅದೇನೇ ಇರಲಿ, ಗೇಟಿನ ಹತ್ತಿರ ಹೋಗಬೇಡ. ನಿನಗೆ ಕೈಮುಗಿಯುತ್ತೇನೆ. ನಮ್ಮಲ್ಲಿಗೆ ಬಾ. ಬೀಡಿ ಕಟ್ಟಬೇಡ, ಕಲಿಸಬೇಡ, ಸಿದ್ದಿಯನ್ನು ಆಡಿಸಿಕೊಂಡು ಇರು.

ಕೆಮ್ಮು ಹಗಲು ಕಡಿಮೆ. ರಾತ್ರಿ ಹೆಚ್ಚು.

ಇಂದ್ರಾ


ಇಂಡಿ
೬ ಏಪ್ರಿಲ್ ೧೯೭೮

ಇಂದ್ರಾ,

ನಾಲತವಾಡಕ್ಕ ಹೋಗಂಗಿಲ್ಲ. ಅವ್ವನ ಗೆಣ್ಣು ಸಾಹುಕಾರಗ ಮಾರಾಕ ಬಂದದ್ದಲ್ಲ.

ಚನ್ನವ್ವ ನಿನ್ನೆ ಬಂದಿದ್ಲು. "ಗುಳಿ ನಿಂದಲ್ಲಂದ್ರ ಗೇಟಿನ ಮುಂದ ಎಲ್ಲಾರಿಗಿಂತ ಮೊದಲ ನೀ ಮಲಕೋ, ಆಗ ನಂಬತೇವಿ" ಅಂದ್ಲು. ಹೂಂ ಅಂದೇನಿ. ಲಾರಿ ಯಾರದಿದ್ರೂ ನಾ ಏಳಂಗಿಲ್ಲ.

ನೀ ಇದರಾಗ ಬರಬ್ಯಾಡ. ಇನ್ನ ಕಾಗದ ಹಾಕಬ್ಯಾಡ.

ಶೇವಂತೆವ್ವ


ಸಿಂದಗಿ
೧೧ ಏಪ್ರಿಲ್ ೧೯೭೮, ರಾತ್ರಿ

ಅಕ್ಕಾ,

ಹತ್ತು ಗಂಟೆ. ಕೂಸಿಗೆ ಹಾಲು ಕೊಡುತ್ತ ಹಾಗೇ ಕಣ್ಣು ಮುಚ್ಚಿತ್ತು. ಕೆಳಗೆ ಲಾರಿಯ ಹಿಂಬಾಗಿಲ ಸರಪಳಿ ಬಡಿದ ಸದ್ದಿಗೆ ಎದ್ದೆ. ಡೀಸೆಲ್ ಹಾಕುತ್ತಿದ್ದಾರೆ. ನೀನು ಬೇಡವೆಂದರೂ ಬರೆಯುತ್ತಿದ್ದೇನೆ, ಸಿಟ್ಟು ಆಮೇಲೆ ಮಾಡು, ಮೊದಲು ಪೂರ್ತಿ ಓದು.

ನಾಳೆಯೇ ಶೆಡ್ಡು ಖಾಲಿ ಮಾಡುತ್ತಾರೆ. ಎಲೆ, ತಂಬಾಕು, ತಕ್ಕಡಿ, ಎಲ್ಲ ಹೇರಿಕೊಂಡು ಬರಲು ಇವರು ಲಾರಿಯ ಜೊತೆ ಹೊರಟಿದ್ದಾರೆ. ಮೂರು ಗಂಟೆಗೆ ಬಿಟ್ಟು ನಸುಕಿನ ಮೊದಲೇ ಇಂಡಿ ಮುಟ್ಟಬೇಕೆಂದು ರಾಯರ ಅಪ್ಪಣೆ. ಡ್ರೈವರ್ ಬಂದಗಿಸಾಬನಿಗೆ ಅವರ ಮನುಷ್ಯ ಹೇಳಿದ್ದನ್ನು ನಾನೇ ಮೆಟ್ಟಿಲ ಮೇಲೆ ನಿಂತು ಕೇಳಿದೆ. "ಹಾರ್ನ್ ಹೊಡಕೋತ ಹೋಗು, ನಿಂದರಬ್ಯಾಡ. ಹೆಣ್ಮಕ್ಕಳು ದೀಪ ಕಂಡ ಕೂಡಲೇ ಎದ್ದು ಓಡತಾರ." ಬಂದಗಿಸಾಬ ಬೀಡಿ ಹಚ್ಚಿದ.

ನೀನು ಏಳುವುದಿಲ್ಲ. ಲೋಕವೆಲ್ಲ ಎದ್ದು ಓಡಿದರೂ ನೀನು ಏಳುವುದಿಲ್ಲ. ಕತ್ತಲಲ್ಲಿ ಕೌದಿ ಹೊದ್ದು ಮಲಗಿದವಳು ಲಾರಿಯ ದೀಪಕ್ಕೆ ಹೇಗೆ ಕಾಣುತ್ತಾಳೆ ಅಕ್ಕ? ಗೇಟಿನ ಮುಂದೆ ಬಿದ್ದ ಎಲೆಯ ಚೀಲದ ಹಾಗೆ ಕಾಣುತ್ತಾಳೆ.

ಇವರ ಕಾಲು ಹಿಡಿದು ಹೇಳಿದೆ. ನಂಬುವುದಿಲ್ಲ. "ನಿಮ್ಮಕ್ಕನ್ನ ಅವ್ರು ಸೇರಿಸಿಕೊಂಡೇ ಇಲ್ಲ, ಕರೀಲಿಲ್ಲಂದ್ರ ಹೋಗಂಗಿಲ್ಲ ಅಂತ ಬರದಿದ್ಲು, ನೀನ ಓದಿ ಹೇಳೀದಿ" ಎನ್ನುತ್ತಾರೆ. ನಿನ್ನ ಕಾರ್ಡು ಮುಂದೆ ಹಿಡಿದೆ. "ಇದು ಸಿಟ್ಟಿನಾಗ ಬರದದ್ದು. ನನ್ನ ಲಾರಿ ಮುಂದ ಅಕ್ಕಾರು ಮಲಗತಾರೇನು? ನಿನಗ ನಿದ್ದಿಲ್ಲ, ತಲಿಗೆ ಏನೇನೋ ಹೊಳೀತೈತಿ. ಅಕ್ಕಾರು ತಮ್ಮ ಬಾಯಿಲೆ ಹೇಳಲಿ, ಈಗಿಂದೀಗ ಲಾರಿ ನಿಂದರಸ್ತೇನಿ" ಎಂದರು. ಇವರು ಕೆಟ್ಟವರಲ್ಲ ಅಕ್ಕ. ನಂಬಿದರೆ ಲಾರಿ ಬಿಡುವುದಿಲ್ಲ. ನನ್ನ ಮಾತು ನಂಬಲು ಆಗುತ್ತಿಲ್ಲ, ಅಷ್ಟೇ. ಈ ಐದು ತಿಂಗಳಲ್ಲಿ ಎಷ್ಟಕ್ಕೆ ಹೆದರಿದ್ದೇನೆಂದರೆ, ಹೆದರಬೇಕಾದದ್ದಕ್ಕೆ ಹೆದರಿದಾಗ ಯಾರೂ ಕೇಳುವುದಿಲ್ಲ.

ರೇವವ್ವನನ್ನು ಎಬ್ಬಿಸಿದೆ. ಆಕೆಯೂ ಬಂದು ಇವರ ಮುಂದೆ ನಿಂತಳು. "ಲಾರಿ ಬ್ಯಾಡ ಅನ್ನಂಗಿಲ್ರಿ ನಾ. ಆ ಎಲಿ ಬರದಿದ್ರ ನಮ್ಮ ಒಲಿ ಹತ್ತಂಗಿಲ್ಲ. ಆದ್ರ ಹಗಲ ಹೋಗ್ರಿ, ಮಂದಿ ಮಾರಿ ಕಾಣ್ವಂಗ ಹೋಗ್ರಿ" ಎಂದಳು. ಇವರು ಅದಕ್ಕೂ ತಲೆ ಕೊಡವಿದರು.

ನಿನ್ನ ಬಾಯಿಂದಲೇ ಕೇಳಬೇಕಂತೆ, ಅದಕ್ಕೇ ಟೆಲಿಫೋನು. ಅದು ಇರುವ ಕೆಳಗಿನ ಅಂಗಡಿಯ ಕೀಲಿ ಶಂಕರೆಪ್ಪನವರು ನನ್ನ ಕೈಗೆ ಕೊಟ್ಟಿದ್ದಾರೆ. ಆಗಲೇ ಇಂಡಿಯ ಎಕ್ಸ್‌ಚೇಂಜಿಗೆ ಮಾಡಿದ್ದೆ. ಅಮೋಘಸಿದ್ಧ ಎಂಬವನು ರಾತ್ರಿಪಾಳಿಗೆ ಇದ್ದಾನೆ. ನಿನ್ನನ್ನು ಕರೆದು ತಾ ಎಂದರೆ, "ಕುರ್ಚಿ ಬಿಟ್ಟು ಏಳಾಕ ಬರಂಗಿಲ್ರಿ ಅಕ್ಕಾರ. ಅವ್ರು ಇಲ್ಲಿಗೆ ಬಂದು ಕಿಟಕಿ ಬಡೀಲಿ, ಆ ಕ್ಷಣ ಜೋಡಸತೇನಿ" ಎಂದ. ನಂಬರು ಅವನಿಗೆ ಕೊಟ್ಟಿಟ್ಟಿದ್ದೇನೆ. ಈ ಕಾಗದವನ್ನು ಕಲಬುರ್ಗಿಯಿಂದ ಬಂದು ಇಂಡಿಗೆ ಹೋಗುವ ರಾತ್ರಿ ಬಸ್ಸಿನ ಕಂಡಕ್ಟರ್ ರಸೂಲಸಾಬನ ಕೈಗೆ ಕೊಡುತ್ತೇನೆ. ಅಮೀನಾಬಿಯ ತಮ್ಮ ತಾನೇ, ಬಸ್ಸು ನಿಂತ ಕೂಡಲೇ ನಿಮ್ಮ ಓಣಿಗೆ ಓಡಿ ಬಂದು ಬಾಗಿಲು ಬಡಿಯುತ್ತಾನೆ.

ಅಮೀನಾಬಿ ಬಾಗಿಲಲ್ಲಿ ನಿಂತಿದ್ದರೆ ಇಲ್ಲಿಂದ ಮುಂದೆ ಗಟ್ಟಿಯಾಗಿ ಓದು. ಚನ್ನವ್ವನನ್ನೂ ಕರೆಸು. ಸಿಂದಗಿಯ ಬೀಡಿಯ ಗುಳಿ ಶೇವಂತೆವ್ವನ ಕೈಯದಲ್ಲ. ಕಲಿಸಿದವಳು ನಾನು, ಗುತ್ತಿಗೆದಾರ ಗುರಣ್ಣನ ಹೆಂಡತಿ ಇಂದ್ರಾ. ನಮ್ಮ ಅಕ್ಕ ಒಂದು ಎಲೆಯನ್ನೂ ಕದ್ದು ಕಟ್ಟಿಲ್ಲ. ನನ್ನ ಹೆಸರು ಉಳಿಸಲು ಬಾಯಿ ಮುಚ್ಚಿಕೊಂಡಳು. ಬೈಯುವುದಿದ್ದರೆ ನನ್ನನ್ನು ಬೈಯಿರಿ, ಹಗಲು ಬಂದು ನಿಮ್ಮ ಗೇಟಿನ ಮುಂದೆ ನಾನೂ ಕೂಡುತ್ತೇನೆ. ಅವಳನ್ನು ಮೊದಲು ಮಲಗಿಸಬೇಡಿರಿ.

ಈಗ ನಿನಗೊಬ್ಬಳಿಗೇ. ನೀನು ಇನ್ನು ಯಾರಿಗೂ ಏನೂ ತೋರಿಸಿಕೊಡಬೇಕಾಗಿಲ್ಲ. ಎಲೆಯ ಚೀಲವನ್ನೆಲ್ಲ ಈಗಷ್ಟೇ ಕೋಣೆಯಿಂದ ಹೊರಗೆಳೆದೆ, ಸಿದ್ದಿ ಆ ಕಡೆ ಒಬ್ಬಳೇ ಮಲಗಿದ್ದಾಳೆ. ಬಸ್ಸಿನ ಹೊತ್ತಾಯಿತು.

ಟೆಲಿಫೋನು ಮಾಡು ಅಕ್ಕ. ಲಾರಿ ಬಿಡುವುದರೊಳಗೆ, ಬೆಳಗಾಗುವುದರೊಳಗೆ ಮಾಡು. ಕಾಗದ ಕೊಟ್ಟು ಬಂದವಳು ಕೂಸನ್ನೆತ್ತಿಕೊಂಡು ಆ ಯಂತ್ರದ ಪಕ್ಕದಲ್ಲೇ ಕೂಡುತ್ತೇನೆ, ಒಮ್ಮೆ ಗಂಟೆ ಬಾರಿಸುವಷ್ಟರಲ್ಲೇ ಎತ್ತುತ್ತೇನೆ. ಟೆಲಿಫೋನಿನಲ್ಲಿ ನೀನು ಎಂದೂ ಮಾತಾಡಿಲ್ಲ, ಗೊತ್ತು. ಮಾತು ಬರದಿದ್ದರೆ ಸುಮ್ಮನೆ ಕೆಮ್ಮು. ಅದನ್ನೇ ಇವರ ಕಿವಿಗೆ ಹಿಡಿಯುತ್ತೇನೆ. ಆ ಕೆಮ್ಮು ಇವರಿಗೂ ಗೊತ್ತು. ಒಂದು ಸಲ ಕೆಮ್ಮಿದರೆ ಸಾಕು ಅಕ್ಕ, ಬೆಳಗಾಗುವುದರೊಳಗೆ ಒಂದೇ ಸಲ.

ಇಂದ್ರಾ